ಪಾರ್ಮಾದ ಚೀಸ್ ಮತ್ತು ನಮ್ಮ ಮೆನು ಕಾರ್ಡ್

ಇಡ್ಲಿ, ದೋಸೆ, ಊಟ ಇಷ್ಟರಲ್ಲೇ ಹೋಟೆಲ್ ನಡೆಸುವವರು ಈಗ ನಮ್ಮವರಲ್ಲಿ ಕಡಿಮೆ. ಪಾಸ್ತಾ, ಪಿಜ್ಜಾ ಇಲ್ಲದಿದ್ದರೆ ಮಕ್ಕಳಿರುವ ಗಿರಾಕಿ ಪಕ್ಕದ ಹೋಟೆಲ್ ಹತ್ತುತ್ತಾನೆ. ಮುಂಬಯಿಯ ನಮ್ಮ ಶುದ್ಧ ಶಾಕಾಹಾರಿ ಹೋಟೆಲಿನ ಮೆನು ಕಾರ್ಡಿನಲ್ಲೂ 'ಪಾರ್ಮೆಸಾನ್ ಚೀಸ್ ಪಾಸ್ತಾ' ಎಂದು ಅಚ್ಚಾಗಿ ವರ್ಷಗಳೇ ಆಗಿದ್ದವು. ಆ ಹೆಸರು ಒಂದು ಊರಿನದು ಎಂಬ ವಿಚಾರ ನಮಗಿರಲಿಲ್ಲ. ನಾಲ್ಕು ಮಂದಿ ಹೋಟೆಲ್ ಮಿತ್ರರು ಸೇರಿ ಇಟಲಿಯ ಪಾರ್ಮಾ ನಗರಕ್ಕೆ ಹೋಗಿ ಬಂದ ಮೇಲೆ ಈ ವಿಷಯ ಬರೆಯಬೇಕೆನಿಸಿತು.

ಮಿಲಾನಿನಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಊರು ದೊಡ್ಡದಲ್ಲ. ನಡುವೆ ಹಳೆಯ ಇಗರ್ಜಿ. ಅದರ ಗುಮ್ಮಟದ ಒಳಮೈಗೆ ಕೊರೆಜ್ಜೊ ಎಂಬ ಕಲಾವಿದ 1526ರಿಂದ 1530ರವರೆಗೆ ಚಿತ್ರ ಬರೆದಿದ್ದಾನೆ. ಕತ್ತೆತ್ತಿ ನೋಡಿದರೆ ಜನರೆಲ್ಲ ಮೋಡದೊಳಗೆ ಹಾರಿ ಹೋಗುತ್ತಿರುವಂತೆ ಕಾಣುತ್ತದೆ. ಪಕ್ಕದಲ್ಲಿ ನಸುಗೆಂಪು ಅಮೃತಶಿಲೆಯ ಎಂಟು ಮೂಲೆಯ ಕಟ್ಟಡ, 1196ರಲ್ಲಿ ಕಟ್ಟಲು ತೊಡಗಿದ್ದು. ಬರಿಲ್ಲಾ ಪಾಸ್ತಾ ಕಂಪನಿ 1877ರಲ್ಲಿ ಒಂದು ಬ್ರೆಡ್ ಅಂಗಡಿಯಾಗಿ ಹುಟ್ಟಿದ್ದೂ ಈ ಊರಿನಲ್ಲೇ. ಯುರೋಪಿಯನ್ ಒಕ್ಕೂಟದ ಆಹಾರ ಸುರಕ್ಷತಾ ಸಂಸ್ಥೆ ಇರುವುದೂ ಇಲ್ಲೇ.

ಮೊದಲ ರಾತ್ರಿಯೇ ಒಂದು ಪಾಠವಾಯಿತು. ಹೋಟೆಲಿನವ ಬಿಸಿಬಿಸಿ ಪೂರಿಯಂತೆ ಉಬ್ಬಿದ ತಿಂಡಿ ತಂದಿಟ್ಟ. 'ತೋರ್ತಾ ಫ್ರಿತ್ತಾ' ಎಂದು ಹೆಸರು. ಮೈದಾ ಹಿಟ್ಟಲ್ಲವೇ ಎಂದು ಕೈ ಚಾಚಿದೆವು. ಯಾವ ಎಣ್ಣೆ ಎಂದು ನಮ್ಮಲ್ಲಿ ಹಿರಿಯರು ಕೇಳಿದ್ದು ಒಳ್ಳೆಯದಾಯಿತು; ಹಂದಿಯ ಕೊಬ್ಬಿನಲ್ಲಿ ಕರಿದದ್ದಂತೆ. ಅಂದು ಬ್ರೆಡ್ಡು, ಟೊಮೆಟೊದಲ್ಲೇ ಊಟ ಮುಗಿಸಿದೆವು.

ಮರುದಿನ ಬೆಳಿಗ್ಗೆ ಎಂಟಕ್ಕೆ ಚೀಸ್ ಮಾಡುವ ಡೈರಿಗೆ ಹೋದೆವು. ರಾತ್ರಿಯಿಡೀ ಇಟ್ಟು ಕೆನೆ ತೆಗೆದ ಸಂಜೆಯ ಹಾಲು, ಅದಕ್ಕೆ ಬೆಳಗಿನ ಕೆನೆಹಾಲು, ಎರಡನ್ನೂ ಗಂಟೆಯಾಕಾರದ ತಾಮ್ರದ ಕಡಾಯಿಗೆ ಸುರಿಯುತ್ತಾರೆ. ಹಿಂದಿನ ದಿನದ ಹುಳಿಬಂದ ಹಾಲಿನ ನೀರನ್ನು ಸೇರಿಸುತ್ತಾರೆ, ನಾವು ಮೊಸರಿಗೆ ಹೆಪ್ಪು ಹಾಕಿದಂತೆ. ಮತ್ತೊಂದು ದ್ರವವನ್ನೂ ಹಾಕಿದರು. ಹತ್ತೇ ನಿಮಿಷದಲ್ಲಿ ಹಾಲು ಗಟ್ಟಿ! ಅದನ್ನು ಕಡೆದು ಅಕ್ಕಿಕಾಳಿನಷ್ಟು ಪುಡಿ ಮಾಡಿ, 55 ಡಿಗ್ರಿಗೆ ಕಾಯಿಸಿ, ಕೆಳಗೆ ಕೂತ ಗಡ್ಡೆಯನ್ನು ಇಬ್ಬರು ಆಳುಗಳು ಬಟ್ಟೆಯಲ್ಲಿ ಎತ್ತಿ ಎರಡು ಭಾಗ ಮಾಡುತ್ತಾರೆ. ಆಮೇಲೆ ಅಚ್ಚು, ಸುಮಾರು 20 ದಿನ ಉಪ್ಪುನೀರು, ಮರದ ಹಲಗೆಯ ಮೇಲೆ ಕಡಿಮೆಯೆಂದರೆ 12 ತಿಂಗಳು. ಒಂದೊಂದು ಚಕ್ರವೂ ಸುಮಾರು 40 ಕಿಲೋ. ಅದಕ್ಕೆ 500 ಲೀಟರಿಗೂ ಹೆಚ್ಚು ಹಾಲು ಬೇಕು. ವರ್ಷ ತುಂಬಿದಾಗ ಸಂಘದವರು ಬಂದು ಸಣ್ಣ ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳುತ್ತಾರೆ. ಒಳಗೆ ಟೊಳ್ಳಿದ್ದರೆ ಸಿಪ್ಪೆಯ ಮೇಲಿನ ಹೆಸರನ್ನೇ ಕೆರೆದು ತೆಗೆಯುತ್ತಾರೆ. ಪಾಸಾದದ್ದಕ್ಕೆ ಬೆಂಕಿಯ ಮುದ್ರೆ. ಈ ಚಕ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಡುವ ಬ್ಯಾಂಕೂ ಆ ಸೀಮೆಯಲ್ಲಿದೆ. ನಮ್ಮ ಇಡ್ಲಿ ಹಿಟ್ಟಿಗೆ ಯಾರು ಸಾಲ ಕೊಟ್ಟಾರು!

ಆ ದ್ರವ ಯಾವುದು ಎಂದು ಕೇಳಿದೆವು. ಅಲ್ಲಿನ ದನದ ಹಟ್ಟಿಗಳಲ್ಲಿ ಪಂಜಾಬಿನವರು ಬಹಳ ಮಂದಿ ಕೆಲಸಕ್ಕಿದ್ದಾರೆ. ಅವರಲ್ಲೊಬ್ಬರು ಹಿಂದಿಯಲ್ಲಿ ತಿಳಿಸಿ ಹೇಳಿದರು. ಅದು ರೆನ್ನೆಟ್, ಎಳೆಗರುವಿನ ಜಠರದಿಂದ ತೆಗೆದದ್ದು. ಕರುವನ್ನು ಕಡಿದ ಮೇಲೆಯೇ ಸಿಗುವಂಥದ್ದು. ಬೇರೆ ರೆನ್ನೆಟ್ ಹಾಕುವಂತಿಲ್ಲವೇ ಎಂದರೆ, ಇಲ್ಲ, ನಿಯಮದಲ್ಲೇ ಕರುವಿನದು ಎಂದು ಬರೆದಿದೆ. ಬೇರೆಯದು ಹಾಕಿದರೆ ಆ ಹೆಸರು ಇಡುವಂತಿಲ್ಲ. ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಅಲ್ಲಿಂದಲೇ ಮಗನಿಗೆ ಫೋನ್ ಮಾಡಿ, ನಮ್ಮ ಅಡುಗೆಮನೆಯ ಚೀಸ್ ಪುಡಿಯ ಪೊಟ್ಟಣ ಓದಿಸಿದೆವು. ಹಸಿರು ಚುಕ್ಕೆ ಇದೆ, ಮೈಕ್ರೋಬಿಯಲ್ ರೆನ್ನೆಟ್ ಎಂದು ಬರೆದಿದೆ, ಭಾರತದಲ್ಲೇ ತಯಾರಾದದ್ದು ಎಂದ. ಉಸಿರು ಬಂತು. ಈ ರೆನ್ನೆಟ್ಟನ್ನು ಬೂಷ್ಟಿನಂಥ ಸೂಕ್ಷ್ಮಜೀವಿಗಳಿಂದ ತಯಾರಿಸುತ್ತಾರೆ, ಶಾಕಾಹಾರಿಗಳಿಗೆ ತೊಂದರೆಯಿಲ್ಲ. ಆದರೆ ಹಾಗಿದ್ದರೆ ಅದು ಪಾರ್ಮಾದ ಚೀಸ್ ಅಲ್ಲ. ಯುರೋಪಿನ ನ್ಯಾಯಾಲಯವಂತೂ 2008ರಲ್ಲಿ 'ಪಾರ್ಮೆಸಾನ್' ಎಂಬ ಹೆಸರಿಗೂ ಅದೇ ರಕ್ಷಣೆ ಇದೆ ಎಂದು ತೀರ್ಪು ಕೊಟ್ಟಿದೆ. ಅಂದರೆ ನಮ್ಮ ಕಾರ್ಡು ನಿಜ ಹೇಳಿದರೆ ಹೋಟೆಲು ಶುದ್ಧ ಶಾಕಾಹಾರಿ ಅಲ್ಲ. ಹೋಟೆಲು ಶುದ್ಧವಿದ್ದರೆ ಕಾರ್ಡು ಸುಳ್ಳು. ಉಡುಪಿಗೆ ಕಾಲಿಡದವರೂ 'ಉಡುಪಿ' ಬೋರ್ಡು ಹಾಕುತ್ತಾರೆಂದು ಗೊಣಗುವವರು ನಾವೇ ಅಲ್ಲವೇ?

ಇಟಲಿಯ ಇನ್ನೊಂದು ಗಟ್ಟಿ ಚೀಸ್ ಗ್ರಾನಾ ಪದಾನೊ. ಅದಕ್ಕೂ ಕರುವಿನ ರೆನ್ನೆಟ್ಟೇ. ಆದ್ದರಿಂದ ವಿದೇಶಿ ಡಬ್ಬ ತರಿಸುವವರು, ಅದರಲ್ಲೂ ಜೈನ ಗಿರಾಕಿಗಳಿರುವವರು, ಸಪ್ಲಾಯರ್ ಬಾಯಿಮಾತು ನಂಬದೆ ಲೇಬಲ್ ಓದಬೇಕು. ಸುಮ್ಮನೆ 'ರೆನ್ನೆಟ್' ಎಂದಷ್ಟೇ ಇದ್ದರೆ ಯಾವುದರದೆಂದು ಬರೆದು ಕೇಳಬೇಕು.

ಊರಿಗೆ ಬಂದು ಹೊಸ ಮೆನು ಕಾರ್ಡ್ ಅಚ್ಚು ಹಾಕಿಸಿದೆವು. 'ಚೀಸ್ ಪಾಸ್ತಾ' ಎಂದಷ್ಟೇ ಇದೆ. ದರ ಇಳಿಸಿಲ್ಲ. ಈವರೆಗೆ ಯಾವ ಗಿರಾಕಿಯೂ ಪಾರ್ಮೆಸಾನ್ ಎಲ್ಲಿ ಹೋಯಿತು ಎಂದು ಕೇಳಿಲ್ಲ.