ಕೋಳಿಹಾಸನ್ನು ದನಗಳ ಮೇವಿಗಾಗಿ ಹದಮಾಡುವ ಕ್ರಮ

ಬೆಳಗೋಡು ಹೋಬಳಿಯಲ್ಲಿಯೂ ಆಲೂರು ಸೀಮೆಯಲ್ಲಿಯೂ ಬೇಸಗೆಯಲ್ಲಿ ದನಗಳಿಗೆ ದೊರೆಯುವುದು ಬಹುಮಟ್ಟಿಗೆ ಭತ್ತದ ಹುಲ್ಲು. ಇದರಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲಿಗಿಂತ ಹೆಚ್ಚಿರುವುದಿಲ್ಲ. ಹಿಂಡಿಗೆ ಹಣ ಬೇಕು. ಆದಕಾರಣ ಕೋಳಿಮನೆಯಲ್ಲಿ ಹಾಸಿದ ಹೊಟ್ಟನ್ನು ಹಿಕ್ಕೆಸಹಿತ ಮೇವಾಗಿ ಉಪಯೋಗಿಸಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಮುಂದೆ ಹೇಳುವ ನಿಬಂಧನೆಗಳೆಲ್ಲವೂ ನೆರವೇರಿದಲ್ಲಿ ಮಾತ್ರ ಉಪಯೋಗಿಸಬಹುದು.

1. ಇದರ ಸತ್ತ್ವ.— ಒಳ್ಳೆಯ ಹಾಸಿನಲ್ಲಿ ಪ್ರೋಟೀನಿನ ಲೆಕ್ಕಕ್ಕೆ ಬರುವ ಅಂಶವು ನೂರಕ್ಕೆ 20ರಿಂದ 30 ಪಾಲು ಇರುವುದುಂಟು. ಅದರಲ್ಲಿ ಹೆಚ್ಚುಕಡಿಮೆ ಅರ್ಧವು ಕೋಳಿಯ ಮೂತ್ರಾಮ್ಲ. ಮೆಲುಕುಹಾಕುವ ಪ್ರಾಣಿಯ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಇದನ್ನು ಪ್ರೋಟೀನಾಗಿ ಮಾರ್ಪಡಿಸುತ್ತವೆ. ಆ ಶಕ್ತಿ ಹಂದಿಗಾಗಲಿ, ಎಳೆಗರುವಿಗಾಗಲಿ ಇಲ್ಲ.

2. ಆರಿಸುವಿಕೆ.— ಹದಮಾಡುವಾಗ ಹುಟ್ಟುವ ಕಾವಿನಿಂದ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ, ವಿಷಗಳೆಲ್ಲವೂ ಅಳಿಯುವುದಿಲ್ಲ. ಆದ್ದರಿಂದ ರಾಶಿ ಹಾಕುವುದಕ್ಕೆ ಮುಂಚೆಯೇ ಪರೀಕ್ಷಿಸತಕ್ಕದ್ದು.

(ಅ) ಸತ್ತ ಕೋಳಿಯ ಹೆಣ ಸೇರಿದ ಹಾಸನ್ನು ಬಿಡತಕ್ಕದ್ದು. ಅದರಿಂದ ಬಾಟುಲಿಸಂ ಎಂಬ ಮಾರಕ ರೋಗವುಂಟಾಗುತ್ತದೆ. ದನದ ಹಿಂಗಾಲು ಸೋಲುವುದು, ನಾಲಗೆ ಜೋಲುವುದು, ಏಳಲಾರದೆ ಮಲಗುವುದು ಅದರ ಲಕ್ಷಣಗಳು.

(ಆ) ಮಾಂಸದ ಅಥವಾ ಎಲುಬಿನ ಪುಡಿ ಬೆರೆತ ಆಹಾರವನ್ನು ತಿಂದ ಕೋಳಿಗಳ ಹಾಸು ಬೇಡ. ಚೆಲ್ಲಿದ ಆಹಾರವೂ ಹಾಸಿನಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ದನಗಳ ಹುಚ್ಚುರೋಗ ಹರಡಿದ್ದು ಇಂಥ ಪುಡಿಯಿಂದಲೇ. 1988ರಲ್ಲಿ ಅಲ್ಲಿನ ಸರ್ಕಾರವು ಅದನ್ನು ದನಗಳ ಮೇವಿನಲ್ಲಿ ನಿಷೇಧಿಸಿತು. ಆ ರೋಗಕಾರಕವು ರಾಶಿಯ ಕಾವಿಗೆ ಜಗ್ಗುವುದಿಲ್ಲ. ಯುರೋಪಿನ ಒಕ್ಕೂಟವು 2009ರ ಶಾಸನದಿಂದ ಮಲವಸ್ತುಗಳನ್ನೇ ಮೇವಿನಿಂದ ಹೊರಗಿಟ್ಟಿದೆ.

(ಇ) ಮಣ್ಣು, ಮೊಳೆ, ತಂತಿ, ಗಾಜು ಇರಕೂಡದು. ಕಾಫಿಯ ಸಿಪ್ಪೆ ಹಾಸಿದ್ದನ್ನು ತೋಟಕ್ಕೇ ಕಳುಹಿಸುವುದು ಲೇಸು. ರೋಗ ಬಿದ್ದ ಕೋಳಿಮನೆಯ ಹಾಸನ್ನು ಮುಟ್ಟಲೇಬಾರದು.

3. ರಾಶಿ ಹಾಕುವಿಕೆ.— ಈ ಕೆಲಸವನ್ನು ಮಳೆಗಾಲದಲ್ಲಿ ಮಾಡದೆ ಪುಷ್ಯದಿಂದ ಚೈತ್ರದೊಳಗೆ ಮುಗಿಸತಕ್ಕದ್ದು. ತೇವವು ನೂರಕ್ಕೆ 20ರಿಂದ 30 ಪಾಲು ಇರಬೇಕು. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಧೂಳಾಗಿ ಉದುರಲೂಬಾರದು. ಸೂರಿನ ಕೆಳಗೆ ಗಟ್ಟಿನೆಲದ ಮೇಲೆ ಐದಾರು ಅಡಿ ಎತ್ತರಕ್ಕೆ ಒತ್ತಾಗಿ ಪೇರಿಸಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಮೂರು ವಾರಕ್ಕೆ ಕಡಿಮೆಯಿಲ್ಲದೆ ಬಿಡತಕ್ಕದ್ದು. ಒಳಗಿನ ಕಾವು 55ರಿಂದ 60 ಡಿಗ್ರಿ ಸೆಂಟಿಗ್ರೇಡಿಗೆ ಏರಬೇಕು. ಗಾಳಿಯಾಡಿದರೆ ಕಾವು ಮಿತಿಮೀರಿ ಸತ್ತ್ವ ಕೆಡುತ್ತದೆ, ಕೆಲವೊಮ್ಮೆ ಬೆಂಕಿಯೂ ಹುಟ್ಟುತ್ತದೆ. ಆದ್ದರಿಂದ ಮರದ ಗೋಡೆಗಾಗಲಿ ಹುಲ್ಲಿನ ಬಣವೆಗಾಗಲಿ ತಾಗಿಸಿ ಹಾಕಬೇಡಿ. ಕಪ್ಪಾಗಿ ಸುಟ್ಟ ಭಾಗವನ್ನೂ ಬೂಷ್ಟು ಹಿಡಿದ ಮೇಲ್ಪದರವನ್ನೂ ಗೊಬ್ಬರದ ಗುಂಡಿಗೆ ಹಾಕಿ.

4. ಮೇಯಿಸುವಿಕೆ.— ಬೆಳೆದ ಎತ್ತುಗಳಿಗೂ ಗೊಡ್ಡು ದನಗಳಿಗೂ ಮಾತ್ರ ಕೊಡಬಹುದು. ಅಕ್ಕಿಯ ತೌಡು, ಜೋಳದ ನುಚ್ಚು ಮೊದಲಾದ ಹಿಟ್ಟಿನ ಪದಾರ್ಥದೊಡನೆ ಬೆರೆಸಿ, ಮೊದಲು ಒಂದೊಂದು ಹಿಡಿಯಿಂದ ಆರಂಭಿಸಿ, ಎರಡು ವಾರದಲ್ಲಿ ಬೂಸಾಮಿಶ್ರಣದ ಕಾಲು ಪಾಲಿಗೆ ಮೀರದಂತೆ ಏರಿಸತಕ್ಕದ್ದು. ಜೊತೆಗೆ ಉದ್ದನೆಯ ಹುಲ್ಲು, ಕೊಂಚ ಹಸಿಮೇವು, ಯಥೇಚ್ಛ ನೀರು ಅವಶ್ಯ.

5. ನಿಷೇಧ.— ಕುರಿಗಳಿಗೆ ಕೊಡಕೂಡದು. ಹಾಸಿನಲ್ಲಿರುವ ತಾಮ್ರವು ಅವುಗಳ ಯಕೃತ್ತಿನಲ್ಲಿ ಕೂಡಿ ಕೊಲ್ಲುತ್ತದೆ. ಕೋಳಿಗಳಿಗೆ ಕೊಡುವ ಮಾನೆನ್ಸಿನ್ ಎಂಬ ಔಷಧದ ಶೇಷವು ಕುದುರೆಗೆ ವಿಷ. ಕರೆಯುವ ಹಸು ಎಮ್ಮೆಗಳಿಗೂ, ತುಂಬುಗಬ್ಬದ ದನಗಳಿಗೂ, ಕರುಗಳಿಗೂ ಬೇಡ. ಮಾಂಸಕ್ಕೆ ಮಾರುವ ಪ್ರಾಣಿಗೆ ಮೂರು ವಾರ ಮುಂಚೆಯೇ ನಿಲ್ಲಿಸತಕ್ಕದ್ದು.

ಮೊದಲು ಹತ್ತಿರದ ಪಶುವೈದ್ಯರಿಗೆ ಹಾಸನ್ನು ತೋರಿಸಿ ಅವರ ಒಪ್ಪಿಗೆಯನ್ನು ಪಡೆಯಿರಿ. ದನದಲ್ಲಿ ಮೇಲ್ಕಂಡ ಯಾವ ಲಕ್ಷಣ ಕಂಡರೂ ಮೇವನ್ನು ನಿಲ್ಲಿಸಿ ಅವರನ್ನು ಒಡನೆ ಕರೆಸಿ. ಎಲ್ಲಿಂದ ಬಂದುದೆಂದು ತಿಳಿಯದ ಹಾಸನ್ನು ಗುಂಡಿಯಲ್ಲಿ ಕೊಳೆಯಿಸಿ ಗದ್ದೆಗೂ ಕಾಫಿಗೂ ಹಾಕಿದರೆ ನಷ್ಟವೇನೂ ಇಲ್ಲ. ಅದನ್ನು ಗೋದಲಿಗೆ ಹಾಕಿದರೆ ಹಿಂಡಿಯ ಹಣ ಉಳಿಸಲು ಹೋಗಿ ಎತ್ತಿನ ಜೋಡಿಯನ್ನೇ ಕಳೆದುಕೊಳ್ಳಬೇಕಾದೀತು.