ಮೋರಿ ಕಟ್ಟಿಕೊಂಡಾಗ ಯಾರನ್ನ ಕರೀಬೇಕು?

ಎರಡನೇ ವರ್ಷಕ್ಕೆ ಬಂದ ಮೇಲೆ ನಮ್ಮಲ್ಲಿ ಬಹಳಷ್ಟು ಜನ ಹಾಸ್ಟೆಲ್ ಬಿಟ್ಟು, ನಾಲ್ಕೈದು ಫ್ರೆಂಡ್ಸ್ ಸೇರಿ ಬಾಡಿಗೆ ಮನೆ ಹಿಡೀತೀವಿ. ಅಡ್ವಾನ್ಸ್ ಎಷ್ಟು, ವೈಫೈ ಇದೆಯಾ, ಕಾಲೇಜಿಗೆ ನಡ್ಕೊಂಡು ಹೋಗಬಹುದಾ ಅಂತೆಲ್ಲ ವಿಚಾರಿಸ್ತೀವಿ. ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಯಾರೂ ಕೇಳಲ್ಲ. ಅದು ಹೋಗೋದು ನಿಂತ ದಿನವೇ ನಮಗೆ ಆ ವಿಷಯ ನೆನಪಾಗೋದು. ಓನರ್ ಅಂಕಲ್‌ಗೆ ಫೋನ್ ಮಾಡಿದ್ರೆ, "ನೀವೇ ಯಾರನ್ನಾದ್ರೂ ಕರೆಸಿ ಮಾಡಿಸ್ಕೊಳ್ಳಿ, ಬಾಡಿಗೇಲಿ ಮುರ್ಕೊಳ್ಳೋಣ" ಅಂತಾರೆ. ಆಗ ಕರೆಂಟ್ ಕಂಬಕ್ಕೆ ಅಂಟಿಸಿರೋ ಚೀಟಿಯಲ್ಲೋ, ಮೊಬೈಲ್‌ನಲ್ಲೋ ಮೊದಲು ಕಂಡ ನಂಬರಿಗೆ ಕರೆ ಹೋಗುತ್ತೆ.

ಆ ಕರೆ ಮಾಡೋ ಮುಂಚೆ ಹತ್ತು ನಿಮಿಷ ಯೋಚನೆ ಮಾಡಿದ್ರೆ ದುಡ್ಡು ಉಳಿಯುತ್ತೆ. ಕೆಲವು ಸಲ ಒಬ್ಬರ ಜೀವವೂ ಉಳಿಯುತ್ತೆ. ಇದು ದೊಡ್ಡ ಮಾತು ಅನ್ನಿಸಬಹುದು, ಆದ್ರೆ ಲೇಖನದ ಕೊನೆಗೆ ಬರೋ ಹೊತ್ತಿಗೆ ನೀವೂ ಒಪ್ಪುತ್ತೀರಿ ಅಂದ್ಕೊಂಡಿದ್ದೀನಿ.

ಮೊದಲು, ಕಟ್ಟಿಕೊಂಡಿರೋದು ಎಲ್ಲಿ?

ಮನೆಯ ಕೊಳಚೆ ನೀರಿನ ದಾರಿ ತುಂಬಾ ಸರಳ. ಸಿಂಕ್‌ನ ಕೆಳಗಿನ ಟ್ರ್ಯಾಪ್ ಅಥವಾ ಬಚ್ಚಲ ನೆಲದಲ್ಲಿರೋ ನಹಾನಿ ಟ್ರ್ಯಾಪ್, ಅಲ್ಲಿಂದ ಪೈಪ್, ಆಮೇಲೆ ಮನೆ ಹೊರಗಿನ ಚೇಂಬರ್, ಕೊನೆಗೆ ರಸ್ತೆಯ ಒಳಚರಂಡಿ ಅಥವಾ ಮನೆಯದೇ ಸೆಪ್ಟಿಕ್ ಟ್ಯಾಂಕ್. ಟ್ರ್ಯಾಪ್‌ನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತೆ. ಪೈಪ್‌ನ ಗ್ಯಾಸ್ ಮನೆಯೊಳಗೆ ಬರದಂತೆ ತಡೆಯೋ ಬಾಗಿಲು ಅದು. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದಾಗ ಬಚ್ಚಲು ಮನೆ ಗಬ್ಬು ನಾರೋದು ಬಹಳ ಸಲ ಆ ನೀರು ಆರಿಹೋಗಿರೋದ್ರಿಂದ. ಅದಕ್ಕೆ ಯಾರನ್ನೂ ಕರೀಬೇಕಾಗಿಲ್ಲ, ಒಂದೆರಡು ಚೊಂಬು ನೀರು ಹುಯ್ದು ನೋಡಿ.

ನಮ್ಮ ಮನೆಗೆ ಬರೋ ಪ್ಲಂಬರ್ ಅಣ್ಣ ಬಂದ ತಕ್ಷಣ ಚೀಲ ಬಿಚ್ಚಲ್ಲ. ಒಂದೊಂದೇ ನಲ್ಲಿ ಬಿಡಿಸಿ, ನೀರು ಎಲ್ಲಿ ನಿಲ್ಲುತ್ತೆ ಅಂತ ನೋಡ್ತಾರೆ. ಅದು ನಾವು ಲ್ಯಾಬ್‌ನಲ್ಲಿ ಸರ್ಕ್ಯೂಟ್ ಚೆಕ್ ಮಾಡೋ ಥರಾನೇ. ಸಿಂಕ್ ಒಂದೇ ನಿಧಾನ ಇದ್ರೆ ತಪ್ಪು ಅದರ ಟ್ರ್ಯಾಪ್‌ನಲ್ಲಿ ಅಥವಾ ಅದರ ಪೈಪ್‌ನಲ್ಲಿ ಇರುತ್ತೆ. ಫ್ಲಶ್ ಮಾಡಿದಾಗ ಬಚ್ಚಲಲ್ಲಿ ನೀರು ಮೇಲೆ ಬಂದ್ರೆ ಮೇನ್ ಲೈನ್ ಕಟ್ಟಿದೆ ಅಂತ ಅರ್ಥ. ಆಗ ಹೊರಗಿನ ಚೇಂಬರ್ ಮುಚ್ಚಳ ತೆಗೆಸಿ ದೂರದಿಂದಲೇ ನೋಡಿ. ಚೇಂಬರ್ ಖಾಲಿ ಇದ್ರೆ ಅಡಚಣೆ ಮನೆಗೂ ಚೇಂಬರಿಗೂ ನಡುವೆ ಇದೆ. ತುಂಬಿದ್ರೆ ಅದರ ಮುಂದೆ ಎಲ್ಲೋ ಇದೆ. ಹತ್ತಿರದಲ್ಲಿ ಬೆಂಕಿಕಡ್ಡಿ, ಸಿಗರೇಟ್ ಮಾತ್ರ ಬೇಡ. ಮೀಥೇನ್ ಇರಬಹುದು.

ಪಕ್ಕದ ಮನೆಯವರ ಚೇಂಬರೂ ತುಂಬಿದ್ಯಾ? ಹಾಗಾದ್ರೆ ಬಹುಶಃ ರಸ್ತೆಯ ಲೈನೇ ಕಟ್ಟಿದೆ. ಅದು ಖಾಸಗಿಯವರ ಕೆಲಸ ಅಲ್ಲ, ನೀವು ದುಡ್ಡು ಕೊಡಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಿ ದೂರು ಕೊಡಿ. ಬೇರೆ ಊರಲ್ಲಿ ಪಾಲಿಕೆ ಅಥವಾ ನಗರಸಭೆಗೆ ಹೇಳಿ. ರಸ್ತೆಯ ಮ್ಯಾನ್‌ಹೋಲ್ ತೆಗೆದು ಕೊಡ್ತೀನಿ ಅಂತ ಯಾರಾದ್ರೂ ಖಾಸಗಿಯವರು ರೇಟ್ ಹೇಳಿದ್ರೆ ಅಲ್ಲೇ ಮಾತು ನಿಲ್ಲಿಸಿ.

ಯಾವ ಕೆಲಸಕ್ಕೆ ಯಾವ ಯಂತ್ರ?

ಟ್ರ್ಯಾಪ್‌ನಲ್ಲಿ ಕೂದಲು, ಜಿಡ್ಡು ಸಿಕ್ಕಿಕೊಂಡಿದ್ರೆ ರಬ್ಬರ್ ಪಂಪ್ ಸಾಕು, ಇಲ್ಲಾಂದ್ರೆ ಟ್ರ್ಯಾಪ್ ಬಿಚ್ಚಿ ತೊಳೀಬಹುದು. ಪೈಪ್ ಒಳಗಿನ ಅಡಚಣೆಗೆ ಸ್ಪ್ರಿಂಗ್ ಮಷೀನ್ ಇದೆ. ಉದ್ದದ ಸ್ಪ್ರಿಂಗ್ ತಿರುಗ್ತಾ ಒಳಗೆ ಹೋಗಿ ಗಂಟು ಬಿಡಿಸುತ್ತೆ. ಚೇಂಬರ್‌ನಿಂದ ಮುಂದಿನ ದೊಡ್ಡ ಲೈನಿಗೆ ಜೆಟ್ಟಿಂಗ್ ಮಷೀನ್: ಜೋರಾದ ಒತ್ತಡದ ನೀರು ಪೈಪ್‌ನ ಗೋಡೆಗೆ ಅಂಟಿದ ಜಿಡ್ಡನ್ನೂ ಕೀಳುತ್ತೆ. ಸೆಪ್ಟಿಕ್ ಟ್ಯಾಂಕ್ ತುಂಬಿದ್ರೆ ಸಕ್ಕಿಂಗ್ ಮಷೀನ್ ಗಾಡಿ ಬರಬೇಕು.

ಏನೂ ನೋಡದೆ ಆಸಿಡ್ ಸುರಿಯೋರನ್ನ ನಂಬಬೇಡಿ. ಅಂಗಡಿಯಲ್ಲಿ ಸಿಗೋ ಡ್ರೈನ್ ಕ್ಲೀನರ್ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತೆ. ಅದು ಜಿಡ್ಡನ್ನ ಸೋಪ್ ಮಾಡಿ ಕರಗಿಸುತ್ತೆ, ನೀರು ಸೇರಿದಾಗ ಚೆನ್ನಾಗಿ ಬಿಸಿಯಾಗುತ್ತೆ. ಅದರ ಮೇಲೆ ಆಸಿಡ್ ಬಿದ್ರೆ ಕುದ್ದು ಮುಖಕ್ಕೆ ಹಾರಬಹುದು. ಬ್ಲೀಚ್ ಮೇಲೆ ಆಸಿಡ್ ಬಿದ್ರೆ ಕ್ಲೋರಿನ್ ಬರುತ್ತೆ. ನೀವು ಮೊದಲೇ ಏನಾದ್ರೂ ಹಾಕಿದ್ರೆ ಬಂದವರಿಗೆ ಮರೆಯದೆ ಹೇಳಿ, ಪೈಪ್ ಬಿಚ್ಚೋದು ಅವರ ಕೈ.

ತಿಂಗಳಿಗೊಮ್ಮೆ ಅದೇ ಜಾಗ ಕಟ್ಟಿಕೊಳ್ತಿದ್ರೆ ಪೈಪ್‌ನ ಇಳಿಜಾರು ಸರಿ ಇಲ್ಲದೆ ಇರಬಹುದು. 4 ಇಂಚಿನ ಪೈಪ್‌ಗೆ 40 ಅಡಿಗೆ 1 ಅಡಿ ಇಳಿಜಾರು ಅನ್ನೋದು ಹಳೇ ಲೆಕ್ಕ. ಆ ತಪ್ಪನ್ನ ಕ್ಲೀನಿಂಗ್ ಸರಿ ಮಾಡಲ್ಲ. ಒಳ್ಳೆ ಕೆಲಸಗಾರ ಆದ್ರೆ, "ಇದು ಕ್ಲೀನ್ ಮಾಡಿದ್ರೂ ಮತ್ತೆ ಕಟ್ಟುತ್ತೆ, ಓನರಿಗೆ ಹೇಳಿ ಪೈಪ್ ಸರಿ ಮಾಡ್ಸಿ" ಅಂತ ಅವರೇ ಹೇಳ್ತಾರೆ.

ಫೋನ್‌ನಲ್ಲೇ ಕೇಳಬೇಕಾದ ಐದು ಪ್ರಶ್ನೆ

1. ಬಂದು ನೋಡೋಕೆ ಎಷ್ಟು, ಕೆಲಸಕ್ಕೆ ಎಷ್ಟು? ಎರಡನ್ನೂ ಬೇರೆ ಬೇರೆ ಹೇಳಿಸಿ. "ಬಂದು ನೋಡಿ ಹೇಳ್ತೀನಿ" ಅನ್ನೋದು ತಪ್ಪಲ್ಲ, ನೋಡದೆ ಖಚಿತ ರೇಟ್ ಹೇಳೋದು ಕಷ್ಟ. ಆದ್ರೆ ನೋಡಿದ ಮೇಲೆ, ಕೆಲಸ ಶುರು ಮಾಡೋ ಮುಂಚೆ ವಾಟ್ಸ್ಯಾಪ್‌ನಲ್ಲಿ ಮೊತ್ತ ಬರೆದು ಕಳಿಸ್ಬೇಕು.

2. ರೇಟ್ ಯಾವ ಲೆಕ್ಕ? ಅಡಿ ಲೆಕ್ಕವಾ, ಗಂಟೆ ಲೆಕ್ಕವಾ, ಲೋಡ್ ಲೆಕ್ಕವಾ? ಲೋಡ್ ಅಂದ್ರೆ ಗಾಡಿ ಎಷ್ಟು ಲೀಟರ್‌ದು ಅಂತ ಕೇಳಿ. ಸೆಪ್ಟಿಕ್ ಟ್ಯಾಂಕ್ 2 ಮೀಟರ್ ಉದ್ದ, 1 ಮೀಟರ್ ಅಗಲ, 1.5 ಮೀಟರ್ ಆಳ ಇದ್ರೆ ಒಳಗೆ ಹಿಡಿಯೋದೇ 3,000 ಲೀಟರ್. 3,000 ಲೀಟರ್ ಗಾಡಿಯವರು ಮೂರು ಲೋಡ್ ಬಿಲ್ ಮಾಡಿದ್ರೆ ಲೆಕ್ಕ ಕೇಳೋ ಹಕ್ಕು ನಿಮಗಿದೆ.

3. ಯಾವ ಮಷೀನ್ ತರ್ತೀರಿ? ಇದಕ್ಕೆ ಸರಿಯಾದ ಉತ್ತರ ಬರದಿದ್ರೆ ಮುಂದಿನ ನಂಬರ್ ನೋಡಿ.

4. ತೆಗೆದಿದ್ದನ್ನ ಎಲ್ಲಿ ಹಾಕ್ತೀರಿ? ಸಂಸ್ಕರಣಾ ಘಟಕಕ್ಕೆ ಹೋಗಬೇಕು. ರಾತ್ರಿ ಹೊತ್ತು ರಾಜಕಾಲುವೆಗೋ ಕೆರೆಗೋ ಬಿಟ್ರೆ ನಮ್ಮ ಮನೆ ಕೊಳಚೆ ಇನ್ನೊಬ್ಬರ ಮನೆ ಬಾವಿಗೆ ಹೋಯ್ತು ಅಷ್ಟೇ. ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಕೆಸರು ಸಂಸ್ಕರಿಸೋ ಘಟಕ ಶುರುವಾಗಿದೆ. ಗಾಡಿಗೆ ಸ್ಥಳೀಯ ಸಂಸ್ಥೆಯ ಅನುಮತಿ ಇದೆಯಾ ಅಂತಲೂ ಕೇಳಿ.

5. ಯಾರಾದ್ರೂ ಒಳಗೆ ಇಳೀತಾರಾ? ಇದು ಎಲ್ಲಕ್ಕಿಂತ ಮುಖ್ಯ. "ಹೂಂ ಸಾರ್, ಹುಡುಗ ಇಳಿದು ನೀಟಾಗಿ ಮಾಡಿಬಿಡ್ತಾನೆ, ಮಷೀನ್‌ಗಿಂತ ಕಮ್ಮಿ ಆಗುತ್ತೆ" ಅಂದ್ರೆ, ರೇಟ್ ಎಷ್ಟೇ ಕಮ್ಮಿ ಇರಲಿ, ಬೇಡ ಅನ್ನಿ.

ಯಾಕೆ ಇಳೀಬಾರದು?

ಸೆಪ್ಟಿಕ್ ಟ್ಯಾಂಕ್ ಒಳಗೆ ಆಮ್ಲಜನಕ ಇಲ್ಲದ ಕಡೆ ಬೆಳೆಯೋ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಉತ್ಪತ್ತಿ ಮಾಡ್ತವೆ. ಅದು ಗಾಳಿಗಿಂತ ಭಾರ, ಹಾಗಾಗಿ ತಳದಲ್ಲಿ ಕೂತಿರುತ್ತೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ. ಸುಮಾರು 100 ಪಿಪಿಎಂ ಮುಟ್ಟಿದಾಗ ಮೂಗು ಅದನ್ನ ಗುರುತಿಸೋದನ್ನೇ ನಿಲ್ಲಿಸಿಬಿಡುತ್ತೆ. ಅಂದ್ರೆ ಅಪಾಯ ಜಾಸ್ತಿ ಆದ ಹೊತ್ತಿಗೆ ವಾಸನೆ ಹೋಗಿ, ಎಲ್ಲಾ ಸರಿ ಇದೆ ಅನ್ನಿಸುತ್ತೆ. ಇನ್ನೂ ಜಾಸ್ತಿ ಆದ್ರೆ ಮನುಷ್ಯ ನಿಂತಲ್ಲೇ ಪ್ರಜ್ಞೆ ತಪ್ಪಿ ಬೀಳ್ತಾನೆ. ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಬಿಟ್ರೂ ಸಾಲಲ್ಲ, ಯಾಕಂದ್ರೆ ಕೆಸರನ್ನ ಕಲಕಿದಾಗ ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಒಟ್ಟಿಗೆ ಹೊರಗೆ ಬರುತ್ತೆ. ಒಬ್ಬರು ಬಿದ್ರು ಅಂತ ಎತ್ತೋಕೆ ಇಳಿದ ಇನ್ನೊಬ್ಬರೂ ಅಲ್ಲೇ ಸಾಯೋದು ಇದ್ರಿಂದಲೇ. ಅಂಥ ಪರಿಸ್ಥಿತಿ ಕಣ್ಣೆದುರು ಬಂದ್ರೆ ಇಳೀಬೇಡಿ, ಯಾರನ್ನೂ ಇಳಿಸಬೇಡಿ, ತಕ್ಷಣ 112ಕ್ಕೆ ಕರೆ ಮಾಡಿ.

ಕಾನೂನು ಕೂಡ ಇಲ್ಲಿ ಸ್ಪಷ್ಟವಾಗಿದೆ. 2013ರ ಕಾಯ್ದೆ ಪ್ರಕಾರ, ರಕ್ಷಣಾ ಸಾಧನ, ಸುರಕ್ಷತಾ ಕ್ರಮ ಇಲ್ಲದೆ ಮನುಷ್ಯರಿಂದ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಸ್ವಚ್ಛ ಮಾಡಿಸೋದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದು ಸರ್ಕಾರಕ್ಕೆ, ಕಂಪನಿಗೆ ಮಾತ್ರ ಇರೋ ಕಾನೂನಲ್ಲ. "ಯಾವುದೇ ವ್ಯಕ್ತಿ" ಅಂತಲೂ ಅದರಲ್ಲಿದೆ. ಫೋನ್ ಮಾಡಿ ಕರೆಸಿದ ನಾವೂ ಅದರಲ್ಲಿ ಬರ್ತೀವಿ.

ಈ ಹೋರಾಟಕ್ಕೂ ಕರ್ನಾಟಕಕ್ಕೂ ನೇರ ನಂಟಿದೆ. ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೆಜಿಎಫ್‌ನಲ್ಲಿ, ಮಲ ಹೊರುವ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲಿ. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಸಂಘಟನೆ ಹಾಕಿದ ಕೇಸಿನಲ್ಲೇ ಸುಪ್ರೀಂ ಕೋರ್ಟ್ 2014ರಲ್ಲಿ, ಒಳಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಇನ್ನೊಂದು ಕೇಸಿನಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿಲ್ಲ ಅಂತಲೇ ಅರ್ಥ. ಕಾಯ್ದೆ ಬಂದು ಹತ್ತು ವರ್ಷ ಆದಮೇಲೂ ಗುಂಡಿಗೆ ಇಳೀತಿದ್ದೋರು ಹೆಚ್ಚಾಗಿ ದಲಿತ ಸಮುದಾಯದೋರೇ. ಅದಕ್ಕೆ ಕಾರಣ ತಂತ್ರಜ್ಞಾನದ ಕೊರತೆ ಅಲ್ಲ. ಜೆಟ್ಟಿಂಗ್ ಮಷೀನ್‌ಗಿಂತ ಮನುಷ್ಯ ಅಗ್ಗಕ್ಕೆ ಸಿಗ್ತಾನೆ, ಅಷ್ಟೇ. ಹಾಗೆ ಸಿಗೋದು ಕಮ್ಮಿ ರೇಟ್ ಕೇಳಿ ಒಪ್ಪಿಕೊಳ್ಳೋರು ಇರೋದ್ರಿಂದ.

ಈ ವಾರವೇ ಮಾಡಿ

ಮನೆಯ ಚೇಂಬರ್ ಎಲ್ಲಿದೆ, ಒಳಚರಂಡಿಗೆ ಸೇರಿದ್ಯಾ ಅಥವಾ ಸೆಪ್ಟಿಕ್ ಟ್ಯಾಂಕಾ ಅಂತ ಓನರ್ ಹತ್ರ ಕೇಳಿಟ್ಕೊಳ್ಳಿ. ಟ್ಯಾಂಕ್ ಆದ್ರೆ ಕೊನೇ ಸಲ ಯಾವಾಗ ಖಾಲಿ ಮಾಡಿಸಿದ್ರು ಅಂತ ಕೇಳಿ. ಎರಡು-ಮೂರು ವರ್ಷಕ್ಕೊಮ್ಮೆ ಮಾಡಿಸ್ಬೇಕು. ಸಿಂಕ್‌ಗೆ ಉಳಿದ ಸಾರಿನ ಎಣ್ಣೆ, ಕಾಫಿ ಚರಟ ಹಾಕೋ ರೂಮ್‌ಮೇಟ್‌ಗೆ ಒಂದು ಜಾಲರಿ ತಂದುಕೊಡಿ. ಅಕ್ಕಪಕ್ಕದ ಮನೆಯವರು ಯಾರನ್ನ ಕರೀತಾರೆ ಅಂತ ವಿಚಾರಿಸಿ, ಒಂದು ನಂಬರ್ ಸೇವ್ ಮಾಡ್ಕೊಳ್ಳಿ.

ಕೆಲಸಗಾರರು ಬಂದ ದಿನ ಗ್ಲೌಸ್, ಬೂಟ್ ಹಾಕಿದ್ದಾರಾ ನೋಡಿ. ಕೆಲಸ ಮುಗಿದ ಮೇಲೆ ಎಲ್ಲಾ ನಲ್ಲಿ ಒಟ್ಟಿಗೆ ಬಿಟ್ಟು ನೀರು ಸರಾಗವಾಗಿ ಹೋಗುತ್ತಾ ಅಂತ ಪರೀಕ್ಷೆ ಮಾಡಿ, ಬಿಲ್ ತಗೊಂಡು, ಮಾತಾಡಿದಷ್ಟು ದುಡ್ಡು ಪೂರ್ತಿ ಕೊಡಿ. ಕೈ ತೊಳೆಯೋಕೆ ಸೋಪು, ಕುಡಿಯೋಕೆ ನೀರು, ನಾವು ಕುಡಿಯೋ ಲೋಟದಲ್ಲೇ ಕೊಡಿ.