ಚಾಯ್ಸ್ ಒಂದು ಒತ್ತಿದ ರಾತ್ರಿ

ರಾತ್ರಿ ಹನ್ನೊಂದು ದಾಟಿತ್ತು. ಅಪ್ಪ ಜಗುಲಿಯಲ್ಲಿ ಮಲಗಿದ್ದರು. ನನ್ನ ಕೈಲಿ ಮೊಬೈಲು, ಅದರಲ್ಲಿ ಕೆಇಎ ಪೋರ್ಟಲ್, ಅದರಲ್ಲಿ ನಾಲ್ಕು ಚಾಯ್ಸ್‌ಗಳು. ಸಿಇಟಿ ಬರೆದವರಿಗೆಲ್ಲ ಇದು ಗೊತ್ತಿರುತ್ತದೆ. ಒಂದು ಒತ್ತಿದರೆ ಸಿಕ್ಕಿದ ಸೀಟೇ ಸಾಕು, ಹೋಗಿ ಸೇರುತ್ತೇನೆ ಎಂದರ್ಥ. ಎರಡು ಒತ್ತಿದರೆ ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಕಾಲೇಜು ಸಿಕ್ಕರೆ ಅದನ್ನು ಕೊಡಿ ಎಂದರ್ಥ. ಮೂರು, ನಾಲ್ಕರ ಸುದ್ದಿ ನಮಗೆ ಬೇಡ. ‘ಎರಡು ಒತ್ತು ಮಗ, ಬೆಂಗಳೂರು ಬಂದ್ರೂ ಬರಬಹುದು’ ಎಂದು ಹೇಳಿಯೇ ಅಪ್ಪ ಮಲಗಿದ್ದರು.

ನಾನು ಒಂದು ಒತ್ತಿದೆ.

ಬೆಳಿಗ್ಗೆ ಕೇಳಿದಾಗ ‘ಒತ್ತಿದೀನಿ ಅಪ್ಪ’ ಎಂದೆ. ಎರಡನೇ ಸುತ್ತಿನ ಫಲಿತಾಂಶ ಬಂದ ದಿನ ‘ಮೇಲಿಂದು ಬರ್ಲಿಲ್ಲ’ ಎಂದೆ. ಅಪ್ಪ ‘ಹೋಗ್ಲಿ ಬಿಡು’ ಎಂದು ತೋಟದ ಕಡೆ ಹೋದರು. ಆಮೇಲೆ ಕಟ್‌ಆಫ್ ಪಟ್ಟಿ ತೆಗೆದು ನೋಡಿದೆ. ನನ್ನ ರ‍್ಯಾಂಕಿಗೆ ಆ ಬೆಂಗಳೂರಿನ ಸೀಟು ಬರುತ್ತಿತ್ತು.

ನಮ್ಮದು ತಿಪಟೂರು ಕಡೆಯ ಹಳ್ಳಿ. ಮನೆ ತುಂಬ ಕೊಬ್ಬರಿ, ತಲೆ ತುಂಬ ಖೊ ಖೊ. ಆರನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಶಾಲೆಯ ತಂಡದಲ್ಲಿದ್ದೆ. ಪಿಯು ಸೈನ್ಸ್ ಸೇರಿದ ದಿನದಿಂದ ಆಟ ಬಂದ್. ಕ್ರೀಡಾ ಕೋಟಾಕ್ಕೆ ಸಾಲುವಷ್ಟು ದೊಡ್ಡ ಸರ್ಟಿಫಿಕೇಟೂ ನನ್ನ ಬಳಿ ಇರಲಿಲ್ಲ. ಆಪ್ಷನ್ ಎಂಟ್ರಿಗೆ ಕಾಲೇಜುಗಳ ಕ್ರಮ ಬರೆದುಕೊಟ್ಟವನು ದೊಡ್ಡಪ್ಪನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ನಮ್ಮ ಮನೆಯಲ್ಲಿ ಅವನ ಮಾತೇ ಕೊನೆ. ಮೊದಲೆರಡು ಬೆಂಗಳೂರಿನವು, ಮೂರನೆಯದು ನಮ್ಮೂರಿಂದ ಎರಡೂವರೆ ಗಂಟೆ ಬಸ್ಸಿನ ದಾರಿಯ ಜಿಲ್ಲಾ ಕೇಂದ್ರದ್ದು. ಮೊದಲ ಸುತ್ತಿನಲ್ಲಿ ಮೂರನೆಯದು ಬಂತು.

ಬೆಂಗಳೂರಿನ ಕಾಲೇಜನ್ನು ಮೊದಲೇ ಅಣ್ಣನ ಜೊತೆ ನೋಡಿ ಬಂದಿದ್ದೆ. ಗಾಜಿನ ಏಳು ಮಹಡಿ ಕಟ್ಟಡ, ಲಿಫ್ಟು, ಗೋಡೆ ಮೇಲೆ ಕಂಪನಿಗಳ ಹೆಸರು. ‘ಗ್ರೌಂಡ್ ಎಲ್ಲಿ?’ ಎಂದು ಸೆಕ್ಯೂರಿಟಿಯವರನ್ನು ಕೇಳಿದೆ. ಅವರು ನೆಲಮಾಳಿಗೆಯ ಪಾರ್ಕಿಂಗ್ ತೋರಿಸಿದರು. ಅಲ್ಲೊಂದು ಟೇಬಲ್ ಟೆನಿಸ್ ಟೇಬಲ್ ಇತ್ತು, ಅದರ ಮೇಲೆ ಯಾರದೋ ಹೆಲ್ಮೆಟ್ ಇತ್ತು. ಅಣ್ಣ ನಕ್ಕ. ‘ಓದೋಕೆ ಬರ್ತೀಯೋ ಓಡೋಕೆ ಬರ್ತೀಯೋ?’

ಮೂರನೆಯ ಕಾಲೇಜನ್ನು ನೋಡಿದ್ದು ಸೀಟು ಸಿಕ್ಕ ಮೇಲೆ, ಅಮ್ಮನ ಜೊತೆ. ಬಸ್ಸು ತಡವಾಗಿ ಸಂಜೆ ಐದೂವರೆಗೆ ತಲುಪಿದೆವು. ಆಫೀಸು ಮುಚ್ಚಿತ್ತು. ಬಂದದ್ದು ವ್ಯರ್ಥವಾಯಿತು ಅಂದುಕೊಂಡು ಹಿಂಭಾಗಕ್ಕೆ ಹೋದರೆ ಅಲ್ಲಿ ಗ್ರೌಂಡು. ಕೆಂಪು ಮಣ್ಣು, ಆಗಷ್ಟೇ ಹಾಕಿದ ಸುಣ್ಣದ ಗೆರೆ. ಖೊ ಖೊ ಅಂಕಣದ ಎರಡು ಕಂಬಗಳೂ ಕೈ ಉಜ್ಜಿ ಉಜ್ಜಿ ನುಣುಪಾಗಿದ್ದವು. ಕಂಬ ಹೀಗೆ ನುಣುಪಾಗಬೇಕಾದರೆ ವರ್ಷಗಟ್ಟಲೆ ಜನ ಅದನ್ನು ಹಿಡಿದು ತಿರುಗಿರಬೇಕು. ಕಾಲೇಜಿನ ವೆಬ್‌ಸೈಟಿನಲ್ಲಿ ಎಲ್ಲರೂ ‘ವಿಶಾಲ ಕ್ರೀಡಾಂಗಣ’ ಅಂತ ಬರೆದುಕೊಂಡಿರುತ್ತಾರೆ. ಆದರೆ ಎಷ್ಟೋ ಕಡೆ ಆ ಕಂಬಕ್ಕೆ ಬಳಿದ ಬಣ್ಣವೇ ಮಾಸಿರುವುದಿಲ್ಲ. ನೀವು ಈ ವರ್ಷ ಕಾಲೇಜು ನೋಡಲು ಹೋಗುವವರಾದರೆ ದಯವಿಟ್ಟು ಬೆಳಿಗ್ಗೆ ಹೋಗಬೇಡಿ, ಸಂಜೆ ಹೋಗಿ. ಕ್ರೀಡಾ ಕೊಠಡಿಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಯಾರನ್ನಾದರೂ ಕೇಳಿ. ಥಟ್ಟನೆ ಉತ್ತರ ಬಂದರೆ ಅಲ್ಲಿ ಆಟ ಇದೆ.

ಆಡುತ್ತಿದ್ದವರಲ್ಲಿ ಒಬ್ಬರು ಕಡಿಮೆ ಇದ್ದರು. ಉದ್ದ ಜಡೆಯ ಸೀನಿಯರ್ ಒಬ್ಬರು ನನ್ನನ್ನು ನೋಡಿ ‘ಆಡ್ತೀಯಾ?’ ಎಂದರು. ಅಮ್ಮನ ಕೈಗೆ ಫೈಲು ಕೊಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು ಹೋಗಿ ಕೂತೆ. ಎರಡು ವರ್ಷದ ಮೇಲೆ ಬೆನ್ನ ಮೇಲೆ ಕೈ ಬಿತ್ತು, ‘ಖೊ’ ಎಂಬ ಸದ್ದು ಕಿವಿಗೆ ಬಿತ್ತು. ಹತ್ತು ಹೆಜ್ಜೆಗೇ ಏದುಸಿರು ಬಂತು, ಯಾರನ್ನೂ ಔಟ್ ಮಾಡಲಿಲ್ಲ. ಆದರೂ ವಾಪಸು ಬಸ್ಸಿನಲ್ಲಿ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಮಾರನೇ ರಾತ್ರಿ ನಾನು ಒಂದು ಒತ್ತಿದೆ.

ನಮ್ಮದು ತೀರಾ ದೊಡ್ಡದೂ ಅಲ್ಲದ, ಚಿಕ್ಕದೂ ಅಲ್ಲದ ಕಾಲೇಜು. ನಾಲ್ಕೂ ವರ್ಷ ಸೇರಿ ಸಾವಿರದ ಎಂಟುನೂರು ಜನ ಇರಬಹುದು. ಈ ಲೆಕ್ಕಕ್ಕೆ ಎಷ್ಟು ಬೆಲೆ ಇದೆ ಎಂದು ಸೇರಿದ ಮೇಲೆ ಗೊತ್ತಾಯಿತು. ಖೊ ಖೊ ತಂಡಕ್ಕೆ ಹನ್ನೆರಡು ಜನ ಬೇಕು. ಬಹಳ ದೊಡ್ಡ ಕಾಲೇಜಿನಲ್ಲಿ ಓದುವ ನನ್ನ ಗೆಳತಿ ಆಯ್ಕೆಗೆ ಹೋದಾಗ ಅರವತ್ತು ಹುಡುಗಿಯರಿದ್ದರಂತೆ, ಅರ್ಧ ಜನ ರಾಜ್ಯಮಟ್ಟದವರು. ಇನ್ನೊಬ್ಬಳದು ತೀರಾ ಸಣ್ಣ ಕಾಲೇಜು, ಅಲ್ಲಿ ಹನ್ನೆರಡು ಜನರೇ ಸಿಗದೆ ತಂಡ ಕಳಿಸಲಿಲ್ಲ. ನಮ್ಮಲ್ಲಿ ಇಪ್ಪತ್ತೆರಡು ಜನ ಬಂದಿದ್ದರು. ಅಂದರೆ ನನ್ನಂಥ ತುಕ್ಕು ಹಿಡಿದವಳಿಗೂ ಒಂದು ಜಾಗ ಇತ್ತು, ಆದರೆ ಸುಮ್ಮನೆ ಸಿಗುವಂತಿರಲಿಲ್ಲ. ಮೊದಲ ವರ್ಷ ಬರೀ ಬೆಂಚು ಕಾದೆ.

ಮತ್ತೆ, ಇಲ್ಲಿ ಮ್ಯಾಚು ಎಂದರೆ ಎಲ್ಲರದೂ. ಸಿವಿಲ್ ಹುಡುಗರು ಎಲ್ಲಿಂದಲೋ ತಮಟೆ ತರುತ್ತಾರೆ. ಗಣಿತದ ಮೇಡಂ ಕೊಡೆ ಹಿಡಿದು ಗೆರೆಯ ಪಕ್ಕವೇ ನಿಲ್ಲುತ್ತಾರೆ. ಹಾಸ್ಟೆಲ್ ಮೆಸ್ಸಿನ ಅಕ್ಕ ಮ್ಯಾಚಿನ ದಿನ ಕೇಳದೆಯೇ ಎರಡು ಮೊಟ್ಟೆ ಹೆಚ್ಚು ಇಡುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ ಖೊ ವಿಶ್ವಕಪ್ ನಡೆದಾಗ ಮೆಸ್ಸಿನ ಟಿವಿ ಮುಂದೆ ಕೂರಲು ಜಾಗವಿರಲಿಲ್ಲ. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದರು. ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅದುವರೆಗೂ ನಮ್ಮ ಆಟವನ್ನು ‘ಪ್ರೈಮರಿ ಸ್ಕೂಲ್ ಆಟ’ ಎಂದು ಅಣಕಿಸುತ್ತಿದ್ದ ಮೆಕ್ಯಾನಿಕಲ್ ಹುಡುಗರು ಅಂದು ರಾತ್ರಿ ನಮಗೆ ಐಸ್‌ಕ್ರೀಂ ಕೊಡಿಸಿದರು.

ಇಷ್ಟಾದರೂ ಎಲ್ಲ ಚೆನ್ನಾಗಿದೆ ಎಂದು ಹೇಳಿದರೆ ಇನ್ನೊಂದು ಸುಳ್ಳಾಗುತ್ತದೆ. ವಿಟಿಯುನಲ್ಲಿ ಶೇ 85ರಷ್ಟು ಹಾಜರಾತಿ ಬೇಕು. ಅಭ್ಯಾಸ, ಪಂದ್ಯ, ಪ್ರಯಾಣ ಸೇರಿ ಮೂರನೇ ಸೆಮಿಸ್ಟರ್‌ನಲ್ಲಿ ನಾನು ಅಂಚಿಗೆ ಬಂದಿದ್ದೆ. ಪಿ.ಡಿ. ಸರ್ ಪತ್ರ ಹಿಡಿದು ಡಿಪಾರ್ಟ್‌ಮೆಂಟಿಂದ ಡಿಪಾರ್ಟ್‌ಮೆಂಟಿಗೆ ಅಲೆದರು. ಒಂದು ವಿಷಯದ ಇಂಟರ್ನಲ್ಸ್‌ನಲ್ಲಿ 50ಕ್ಕೆ 23 ಬಂತು. ಮಂಡಿ ಉಳುಕಿ ಒಂದು ತಿಂಗಳು ಮೆಟ್ಟಿಲು ಹತ್ತಲಾಗಲಿಲ್ಲ. ಎಲ್ಲಕ್ಕಿಂತ ದೊಡ್ಡದು ಪ್ಲೇಸ್‌ಮೆಂಟ್. ನಮ್ಮಲ್ಲಿಗೆ ಬರುವ ಕಂಪನಿಗಳು ಬೆರಳೆಣಿಕೆಯಷ್ಟು. ಸೀನಿಯರ್‌ಗಳು ಪೂಲ್ ಡ್ರೈವ್‌ಗೆಂದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಬಸ್ ನಿಲ್ದಾಣದಲ್ಲೇ ಮುಖ ತೊಳೆದು ಬೇರೆ ಕಾಲೇಜಿನ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ. ಮುಂದಿನ ವರ್ಷ ನಾನೂ ನಿಲ್ಲಬೇಕು. ಆ ಏಳು ಮಹಡಿಯ ಕಾಲೇಜಿನ ಗೇಟೇ ಆದರೂ ಆಶ್ಚರ್ಯವಿಲ್ಲ. ಕೆಲವು ರಾತ್ರಿ ಇದನ್ನು ನೆನೆದು ನಿದ್ದೆ ಬರುವುದಿಲ್ಲ.

ಕಳೆದ ವರ್ಷ ಅಂತರ ಕಾಲೇಜು ಪಂದ್ಯಾವಳಿ ನಮ್ಮ ಕಾಲೇಜಿನಲ್ಲೇ ಇತ್ತು. ಅಪ್ಪ ಹೇಳದೆ ಕೇಳದೆ ಚೀಲದಲ್ಲಿ ಎಳನೀರು ತುಂಬಿಕೊಂಡು ಬಂದರು. ಸೆಮಿಫೈನಲ್. ಕೊನೆಯ ಸರದಿಯಲ್ಲಿ ಅಟ್ಟುತ್ತಿದ್ದವರು ನಾವು, ಸಮ ಮಾಡಲು ಒಂದೇ ಒಂದು ಪಾಯಿಂಟ್ ಬೇಕಿತ್ತು. ಓಡುತ್ತಿದ್ದವಳು ನನ್ನ ಕೈಗೆ ಒಂದು ಗೇಣು ದೂರ ಇದ್ದಳು. ಆಸೆಗೆ ಭುಜ ತಿರುಗಿಸಿಬಿಟ್ಟೆ. ಅಟ್ಟುವವರು ದಿಕ್ಕು ಬದಲಿಸುವಂತಿಲ್ಲ. ಪೀಪಿ ಊದಿದರು, ಫೌಲ್. ಅಷ್ಟರಲ್ಲಿ ಸಮಯ ಮುಗಿಯಿತು. ತಮಟೆ ನಿಂತುಹೋಯಿತು. ಆಮೇಲೆ ಯಾರೋ ಮತ್ತೆ ಬಾರಿಸಲು ಶುರು ಮಾಡಿದರು, ನಾನು ಗ್ರೌಂಡಿನಿಂದ ಹೊರಗೆ ಬರುವವರೆಗೂ ಬಾರಿಸಿದರು.

ಅಪ್ಪ ಎಳನೀರು ಕೊಚ್ಚಿ ಕೊಟ್ಟರು. ಅಳು ಬಂತು, ಅದರ ಜೊತೆಯಲ್ಲೇ ಎಲ್ಲ ಹೇಳಿಬಿಟ್ಟೆ. ಒಂದು ಒತ್ತಿದ್ದು, ಬೆಂಗಳೂರು ಸಿಗುತ್ತಿತ್ತು ಎಂಬುದು, ಎಲ್ಲ. ಅಪ್ಪ ಮಚ್ಚನ್ನು ಚೀಲಕ್ಕೆ ಹಾಕಿಕೊಂಡು ‘ಬಸ್ಸು ಎಷ್ಟೊತ್ತಿಗೆ?’ ಎಂದರು. ಹೋಗುವಾಗ ತಿರುಗಿ ನೋಡಲಿಲ್ಲ. ಮೂರು ವಾರ ಫೋನಿನಲ್ಲಿ ಅಮ್ಮ ಮಾತ್ರ ಮಾತಾಡಿದಳು. ನಾಲ್ಕನೇ ವಾರ ಫೋನ್ ತೆಗೆದುಕೊಂಡು ‘ಮಂಡಿ ಹೆಂಗೈತೆ?’ ಎಂದು ಕೇಳಿದರು. ಆ ವಿಷಯ ಇವತ್ತಿನವರೆಗೂ ಎತ್ತಿಲ್ಲ.

ಈ ಸಲ ತಂಗಿಯ ಸರದಿ. ಮೊನ್ನೆ ಊರಿಗೆ ಹೋದಾಗ ಅಣ್ಣ ಮತ್ತೆ ಪಟ್ಟಿ ಬರೆದುಕೊಂಡು ಬಂದಿದ್ದ. ಅಪ್ಪ ಕೊಬ್ಬರಿ ಆರಿಸುತ್ತಾ ಕೂತಿದ್ದವರು ತಲೆ ಎತ್ತದೆಯೇ ಕೇಳಿದರು: ‘ಒಂದನೇದ್ರಲ್ಲಿ ಗ್ರೌಂಡ್ ಐತೇನಪ್ಪ? ಹೋಗಿ ನೋಡಿದ್ಯಾ?’

ಅಣ್ಣ ನನ್ನ ಮುಖ ನೋಡಿದ. ತಂಗಿ ಖೊ ಖೊ ಇರಲಿ, ಚೌಕಾಬಾರವನ್ನೂ ಆಡುವವಳಲ್ಲ.